ಮಸಾಲೆ ತುಪ್ಪ ಬಿಡುವ ಹೊತ್ತು

ಬ್ರಹ್ಮಾವರದಿಂದ ಬೈಂದೂರಿಗೆ ಹೆದ್ದಾರಿ 66ರಲ್ಲಿ ಅರವತ್ತು ಕಿಲೋಮೀಟರಿನೊಳಗಿನ ದಾರಿ. ಕೆಲಸವಿದ್ದವರು ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಸಿಬಿಡುತ್ತಾರೆ. ನಾನು ಮತ್ತು ನಮ್ಮ ಭಾವ ಅದನ್ನು ಊಟದಿಂದ ಊಟಕ್ಕೆ ಅಳೆಯುವವರು. ಭಾವನ ಹಳೇ ವ್ಯಾನಿನ ಹಿಂಬಾಗಿಲು ಮೇಲಕ್ಕೆತ್ತಿದರೆ ಅದೇ ಮಾಡು. ಅದರ ಕೆಳಗೆ ಎಳೆದರೆ ಹೊರಬರುವ ಒಂದು ಹಲಸಿನ ಹಲಗೆ, ಅದೇ ಅಡುಗೆಕಟ್ಟೆ. ಐದು ಕಿಲೋದ ಪುಟ್ಟ ಸಿಲಿಂಡರು, ಎರಡು ಉರಿಯ ಒಲೆ, ಕರಟ ಉರಿಸಲು ಒಂದು ಕಬ್ಬಿಣದ ಇದ್ದಲೊಲೆ, ಎರಡು ಕಾವಲಿ, ಎತ್ತರ ಗೋಡೆಯ ದಪ್ಪ ತಳದ ಒಂದು ಬಾಣಲೆ. ಮಲಗಲು ಎರಡು ಹಾಸಿಗೆಗಳೂ ಇವೆ ಎಂಬುದನ್ನು ನಾನು ಕೊನೆಗೆ ಹೇಳುತ್ತೇನೆ, ಏಕೆಂದರೆ ನಮ್ಮ ಗಾಡಿಯಲ್ಲಿ ಅವುಗಳ ಸ್ಥಾನವೂ ಕೊನೆಯದೇ.

ಸರ್ಕಾರದ ಪ್ರವಾಸೋದ್ಯಮ ನೀತಿಯಲ್ಲಿ ಈಗ ಕ್ಯಾರವಾನ್ ಪ್ರವಾಸಕ್ಕೂ ಜಾಗ ಸಿಕ್ಕಿದೆ. ಒಳಗೇ ಸ್ನಾನದ ಮನೆ, ಏಸಿ, ಟಿವಿ ಇರುವ ಗಾಡಿಗಳು ಬಾಡಿಗೆಗೆ ಬರುತ್ತವೆ. ಇರಲಿ, ಸಂತೋಷ. ಆದರೆ ಗಾಡಿಯೊಳಗೆ ಬಾಗಿಲು ಹಾಕಿಕೊಂಡು ಮೀನು ಹುರಿದವನ ಹಾಸಿಗೆ ಹೊದಿಕೆ ಎಲ್ಲ ವಾರಗಟ್ಟಲೆ ಮೀನು ಮೀನು. ಅಡುಗೆ ಹೊರಗೇ ಆಗಬೇಕು. ಬಯಲಿನ ಅಡುಗೆಯ ಸುಖ ಮುಕ್ಕಾಲು ಪಾಲು ಇರುವುದೇ ಜಿಡ್ಡಿನಲ್ಲಿ: ಎಣ್ಣೆ ಎಲ್ಲಿರಬೇಕೋ ಅಲ್ಲಿ, ಎಷ್ಟಿರಬೇಕೋ ಅಷ್ಟು ನಿಲ್ಲಿಸುವ ಕೈ ಒಂದಿದ್ದರೆ ರುಚಿಯೂ ಅದೇ ಕೈಯಿಂದ ಬರುತ್ತದೆ. ತುಪ್ಪ ತಪ್ಪಿದಲ್ಲಿ ಊಟವೂ ಕೆಡುತ್ತದೆ, ಜಾಗವೂ ಕೆಡುತ್ತದೆ.

ಬೆಳಿಗ್ಗೆಯಿಂದ ಶುರುಮಾಡುತ್ತೇನೆ. ಮಾಬುಕಳದ ಸೇತುವೆ ದಾಟುವಾಗ ಸೀತಾನದಿಯ ಮೇಲೆ ಇನ್ನೂ ಮಂಜು ಇರುವ ಹೊತ್ತು, ಧನುರ್ಮಾಸದ ಚಳಿ. ಹೊಳೆಬದಿಯ ಯಾವುದಾದರೊಂದು ತೆಂಗಿನ ತೋಟದವರ ಒಪ್ಪಿಗೆ ಪಡೆದು ಗಾಡಿ ನಿಲ್ಲಿಸಿದರೆ ಮೊದಲು ಕಣ್ಣಿಗೆ ಬೀಳುವುದು ಎಣ್ಣೆಯ ಬಾಟಲಿ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವ ವಸ್ತು. ನಮ್ಮ ಕರಾವಳಿಯಲ್ಲಿ ವರ್ಷದ ಬಹುಪಾಲು ಅದು ತಿಳಿನೀರಾಗಿಯೇ ಇರುತ್ತದೆ. ಡಿಸೆಂಬರಿನ ಕೆಲವು ಬೆಳಗುಗಳಲ್ಲಿ ಮಾತ್ರ ಬೆಳ್ಳಗೆ, ಮಿದುವಾಗಿ, ಬೆರಳಿಗೆ ಅಂಟುವಂತೆ ಕುಳಿತುಬಿಡುತ್ತದೆ. ನನಗೆ ಆ ಹೆಪ್ಪು ಬಲು ಇಷ್ಟ. ರಾತ್ರಿ ಕಾವಲಿಯಲ್ಲಿ ಉಳಿದ ಎಣ್ಣೆ ಬೆಳಿಗ್ಗೆ ಬಿಳಿ ಪದರವಾಗಿ ನಿಂತಿರುತ್ತದೆ. ಒಂದು ಕರಟದ ಚೂರಿನ ಅಂಚಿನಿಂದ ಕೆರೆದು ತೆಗೆದರೆ ಆಯಿತು. ನೀರು ಬೇಡ, ಸೋಪು ಬೇಡ, ಹೊಳೆಗೆ ಒಂದು ಹನಿ ಹೋಗುವುದೂ ಬೇಡ.

ನೀರುದೋಸೆಗೆ ಬೇಕಾದ ಎಣ್ಣೆ ಇಷ್ಟೇ ಎಂದು ಹೇಳುವುದು ಕಷ್ಟ, ತೋರಿಸುವುದು ಸುಲಭ. ಈ ಕಡೆಯವರ ನೀರ್ದ್ವಾಸಿಗೆ ಎರಕದ ಕಾವಲಿಯೇ ಆಗಬೇಕು. ಒಣಗಿದ ತೆಂಗಿನ ಸಿಪ್ಪೆಯ ಒಂದು ತುಂಡು ಹಿಡಿದು ತುದಿಯ ನಾರನ್ನು ಜಜ್ಜಿ ಕುಂಚ ಮಾಡಿಕೊಳ್ಳಿ. ಕೆಲವರು ಈರುಳ್ಳಿಯ ಅರ್ಧ ಹೋಳನ್ನು, ಇನ್ನು ಕೆಲವರು ಬದನೆಯ ತೊಟ್ಟನ್ನು ಹಿಡಿಯುತ್ತಾರೆ. ನನ್ನ ಪಕ್ಷಪಾತ ಸಿಪ್ಪೆಯ ಕಡೆಗೆ. ಅದನ್ನು ಎಣ್ಣೆಯಲ್ಲಿ ಒಮ್ಮೆ ಅದ್ದಿ, ಹಿಂಡಿ, ಕಾದ ಕಾವಲಿಯ ಮೇಲೆ ಸುತ್ತು ಬರಿಸಿದರೆ ಕಬ್ಬಿಣ ಕಪ್ಪಗೆ ಮಿನುಗುತ್ತದೆ. ಆದರೆ ಎಣ್ಣೆ ಕಾಣಿಸಬಾರದು. ಎಣ್ಣೆ ಕಂಡರೆ ಹೆಚ್ಚಾಯಿತು ಎಂದೇ ಅರ್ಥ. ಹಿಟ್ಟು ನಿಲ್ಲದೆ ಜಾರುತ್ತದೆ, ಕಣ್ಣು ಬೀಳುವುದಿಲ್ಲ. ಸರಿಯಾಗಿ ಸವರಿದ ಕಾವಲಿಯ ಮೇಲೆ ಹಾಲಿನಷ್ಟು ತೆಳ್ಳಗಿನ ಹಿಟ್ಟನ್ನು ಅಂಚಿನಿಂದ ಎರಚಿದಾಗ ಚೊಂಯ್ ಎನ್ನುತ್ತದೆ, ನೂರಾರು ಪುಟ್ಟ ತೂತುಗಳು ಒಟ್ಟಿಗೆ ತೆರೆದುಕೊಳ್ಳುತ್ತವೆ, ಮುಚ್ಚಳದಡಿ ಒಂದು ನಿಮಿಷ. ಮಗುಚುವ ಮಾತೇ ಇಲ್ಲ. ಅಂಚು ತಾನೇ ಎದ್ದು ಕರೆಯುತ್ತದೆ. ತೆಗೆದು ನಾಲ್ಕು ಮಡಿಕೆ ಮಾಡಿದರೆ, ಒಗೆದು ಮಡಚಿಟ್ಟ ಮಲ್ ಪಂಚೆಯಂತೆ ಬೆಳ್ಳಗೆ, ಹಗುರವಾಗಿ, ಇನ್ನೂ ಸ್ವಲ್ಪ ಒದ್ದೆ. ಕಾಯಿ ಬೆಲ್ಲ ಇದ್ದರೆ ಸಾಕು. ನಿನ್ನೆಯ ಸಾರು ಉಳಿದಿದ್ದರೆ ಭಾಗ್ಯ.

ಈ ಕಾವಲಿಯ ಕಪ್ಪು ಹೊಳಪೂ ಜಿಡ್ಡೇ. ತೆಳುವಾಗಿ ಸವರಿದ ಎಣ್ಣೆ ಕಾವಿಗೆ ಗಟ್ಟಿಯಾಗಿ, ಪದರದ ಮೇಲೆ ಪದರ ಸೇರಿ, ಕಬ್ಬಿಣಕ್ಕೆ ಒಂದು ಚರ್ಮ ಬೆಳೆಯುತ್ತದೆ. ಹಾಗಾಗಿ ಅದನ್ನು ಉಜ್ಜಿ ತೊಳೆಯುವವರನ್ನು ನಾನು ಗಾಡಿಯ ಹತ್ತಿರ ಸೇರಿಸುವುದಿಲ್ಲ. ಕಲ್ಲುಪ್ಪು ಒಂದು ಚಿಟಿಕೆ, ಒಣ ನಾರು, ಎರಡು ಸುತ್ತು, ಮುಗಿಯಿತು.

ಬಿಸಿಲೇರುವ ಹೊತ್ತಿಗೆ ಕೋಟ, ತೆಕ್ಕಟ್ಟೆ, ಕುಂಭಾಸಿ ದಾಟಿ ಕುಂದಾಪುರ. ಶನಿವಾರವಾದರೆ ಸಂತೆ, ಹಸಿ ಬಾಳೆಲೆ, ಕೆಂಪು ಹರಿವೆ, ಊರಿನ ಸೌತೆ. ಮೀನಿಗೆ ಮಾತ್ರ ಹೊಳೆಯ ಆಚೆ ಗಂಗೊಳ್ಳಿಯೇ. ಪಂಚಗಂಗಾವಳಿಯ ಅಳಿವೆಯ ಬಾಯಲ್ಲಿರುವ ಆ ಬಂದರಿನಲ್ಲಿ ಬೆಳ್ಳಿಯ ರಾಶಿ ಕಂಡರೆ ನನ್ನ ಲೆಕ್ಕಾಚಾರಗಳೆಲ್ಲ ತಪ್ಪುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಮಳೆಗಾಲ ಕಳೆದ ಮೇಲೆ ಬರುವ ಬೂತಾಯಿಯಲ್ಲಿ, ಕುಂದಾಪುರದವರ ಬಾಯಲ್ಲಿ ಬೈಗಿ, ಕೊಬ್ಬು ತುಂಬಿರುತ್ತದೆ. ಕಾಣೆ, ಅಂಜಲ್ ದೊಡ್ಡ ಮನುಷ್ಯರ ಮೀನು ಎಂದು ಒಪ್ಪುತ್ತೇನೆ. ಆದರೆ ಬಯಲಿನಲ್ಲಿ, ಕೆಂಡದ ಮೇಲೆ, ಅಕ್ಟೋಬರ್ ನವೆಂಬರಿನ ದಪ್ಪ ಬೈಗಿಯ ಮುಂದೆ ಅವು ಸಪ್ಪೆ.

ಬುಟ್ಟಿಯ ಮುಂದೆ ಕುಳಿತಿದ್ದ ಅಕ್ಕನೊಬ್ಬರು ಮೀನು ಕೊಡುತ್ತ, ಎಣ್ಣೆ ಎಷ್ಟು ಹಾಕಿ ಹುರಿಯಲಿ ಎಂಬ ನನ್ನ ಮಾತು ಕೇಳಿ ಗೊಳ್ಳೆಂದು ನಕ್ಕಿದ್ದರು: "ಹ್ವಾಯ್, ಬೈಗಿಗೆ ಎಣ್ಣಿ ಎಂತಕೆ ಮಾರಾಯ್ರೆ? ಅದ್ರಗೇ ಇತ್ತಲೆ!" ಅವರ ಮಾತಿಗೆ ಇತಿಹಾಸದ ಸಾಕ್ಷಿಯೂ ಇದೆ. ಮದ್ರಾಸ್ ಪ್ರೆಸಿಡೆನ್ಸಿಯ ಕಾಲದಲ್ಲಿ ಈ ಪಶ್ಚಿಮ ಕರಾವಳಿಯಲ್ಲಿ ಇದೇ ಮೀನನ್ನು ಬೇಯಿಸಿ ಹಿಂಡಿ ಎಣ್ಣೆ ತೆಗೆಯುವ ಕಾರ್ಖಾನೆಗಳು ನಡೆಯುತ್ತಿದ್ದವು, ಉಳಿದ ಹಿಂಡಿ ತೋಟಗಳಿಗೆ ಗೊಬ್ಬರ. ಮರದ ದೋಣಿಗಳ ಹಲಗೆಗೆ ಉಪ್ಪುನೀರು ಹಿಡಿಯದಂತೆ ಬಳಿಯುತ್ತಿದ್ದದ್ದೂ ಮೀನೆಣ್ಣೆಯೇ. ಮೀನಿನ ಜಿಡ್ಡು ತೊಯ್ದು ತೊಯ್ದು ಆ ಹಲಗೆಗಳು ಎಷ್ಟೋ ಮಳೆಗಾಲ ಬಾಳಿದವು.

ಗಂಗೊಳ್ಳಿಯಿಂದ ತ್ರಾಸಿ, ಅಲ್ಲಿಂದ ಮರವಂತೆ. ಹೆದ್ದಾರಿಯ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ; ನಡುವೆ ರಸ್ತೆಯಷ್ಟೇ ಅಗಲದ ನೆಲ. ಆ ಅಂದಕ್ಕೆ ಮರುಳಾಗಿ ಅಲ್ಲೇ ಒಲೆ ಹೂಡುವವರು ಮರಳು ತಿನ್ನುತ್ತಾರೆ. ಇಲ್ಲಿ ಗಾಳಿಯೇ ಯಜಮಾನ. ತಡರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಕಡಲಿಗೆ, ಹೊತ್ತೇರಿದ ಮೇಲೆ ಕಡಲಿಂದ ನೆಲಕ್ಕೆ. ಮಧ್ಯಾಹ್ನದ ಅಡುಗೆಗೆ ಗಾಡಿಯನ್ನು ಪಡುವಣಕ್ಕೆ ಅಡ್ಡವಾಗಿ ನಿಲ್ಲಿಸಿ, ಅದರ ಮೂಡು ಮಗ್ಗುಲಲ್ಲಿ, ರಸ್ತೆಯಿಂದ ದೂರ ಒಳಗೆ, ಒಲೆ ಇಡಬೇಕು. ಆಗ ಉರಿ ಅಲುಗುವುದಿಲ್ಲ, ಹೊಗೆ ಗಾಡಿಯಿಂದ ಆಚೆ ಹೋಗುತ್ತದೆ, ಎಣ್ಣೆಯ ಆವಿ ಹಾಸಿಗೆಗೆ ಸೇರುವುದಿಲ್ಲ. ಗಾಜಿನ ಮೇಲೆ ಉಪ್ಪು ಮತ್ತು ಜಿಡ್ಡು ಒಟ್ಟಿಗೆ ಕುಳಿತರೆ ಅದನ್ನು ತೆಗೆಯುವುದರಲ್ಲೇ ಸಂಜೆ ಕಳೆದುಹೋಗುತ್ತದೆ.

ಕರಟದ ಕೆಂಡ ಸಣ್ಣದು, ಶುಭ್ರವಾದದ್ದು, ಕಾವು ಮಾತ್ರ ಜೋರು. ಬೈಗಿಯ ಕೊಬ್ಬು ನೇರ ಅದರ ಮೇಲೆ ತೊಟ್ಟಿಕ್ಕಿದರೆ ಭಗ್ಗೆನ್ನುತ್ತದೆ, ಮೀನು ಹೊಗೆಗಪ್ಪಾಗುತ್ತದೆ. ಅದಕ್ಕೆ ಬಾಳೆಲೆ. ಎಲೆಯನ್ನು ಮೊದಲು ಕೆಂಡದ ಮೇಲೆ ಆಡಿಸಿ ಬಾಡಿಸಿಕೊಂಡರೆ ಮಡಚುವಾಗ ಸೀಳುವುದಿಲ್ಲ; ಆಗ ಅದರ ಹಸಿರು ಕಡುವಾಗಿ, ಮೇಲೆ ಒಂದು ಮೇಣದ ಹೊಳಪು ಬರುತ್ತದೆ. ಕಚ್ಚು ಹಾಕಿದ ಮೀನಿಗೆ ಉಪ್ಪು, ಅರಿಶಿನ, ಬ್ಯಾಡಗಿ ಮೆಣಸು, ಹುಣಸೆ, ನಾಲ್ಕು ಕಾಳುಮೆಣಸು ಅರೆದದ್ದು. ಎಣ್ಣೆ? ಅಕ್ಕ ಹೇಳಿದ್ದಾರಲ್ಲ. ಎರಡೆರಡು ಮೀನು ಒಂದೊಂದು ಎಲೆಯಲ್ಲಿ ಸುತ್ತಿ ಕಾವಲಿಯ ಮೇಲಿಟ್ಟು, ಕಾವಲಿಯನ್ನು ಕೆಂಡದ ಮೇಲಿಟ್ಟು ಸುಮ್ಮನೆ ಕೂರಬೇಕು.

ಸುಮ್ಮನೆ ಕೂರುವುದು ಬಾಯಿಮಾತಿಗೆ. ಮೊದಲು ಬರುವುದು ಎಲೆ ಸುಡುವ ಹಸಿ ಪರಿಮಳ. ಆಮೇಲೆ ಹುಣಸೆಯ ಹುಳಿ ಬಿಸಿಯಾದ ವಾಸನೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ಎಲೆಯೊಳಗೆ, ಬಹಳ ಸಣ್ಣಗೆ, ಮೀನು ತನ್ನದೇ ಎಣ್ಣೆಯಲ್ಲಿ ಮಾತಾಡಲು ಶುರುಮಾಡುತ್ತದೆ. ಮಗುಚಿ, ಇನ್ನಷ್ಟು ಕಾದು, ಎಲೆ ಬಿಡಿಸಿದರೆ ಕೆಂಪು ಮಸಾಲೆ ಮೀನಿನ ಮೈಗೆ ಅಂಟಿ ಕೂತಿರುತ್ತದೆ, ಸುತ್ತ ಎಲೆಯ ಮಡಿಕೆಯಲ್ಲಿ ಒಂದು ಚಮಚದಷ್ಟು ಕೆಂಪೆಣ್ಣೆ ನಿಂತಿರುತ್ತದೆ. ಕುಚ್ಚಲಕ್ಕಿ ಗಂಜಿಯ ಅಗುಳನ್ನು ಆ ಎಣ್ಣೆಯಲ್ಲಿ ಹೊರಳಿಸಿ ಬಾಯಿಗಿಟ್ಟುಕೊಳ್ಳಬೇಕು. ಗಂಜಿಯ ಸಾಧು ಸ್ವಭಾವಕ್ಕೆ ಈ ಜಿಡ್ಡು ಎಂಥ ಜೊತೆ! ಕಾವಲಿ ನೋಡಿದರೆ ಒಣಗಿದೆ, ಶುದ್ಧವಿದೆ. ಅಡುಗೆಯ ಪಾತ್ರೆ, ಊಟದ ತಟ್ಟೆ ಎರಡೂ ಎಲೆಯೇ.

ಈಗ ಆ ಎಲೆಯ ವಿಷಯ. ಮರಳಲ್ಲಿ ಹೂತು ಬಂದರಾಯಿತು ಎನ್ನುವವರಿದ್ದಾರೆ. ಈ ತೀರಗಳಿಗೆ, ಕುಂದಾಪುರದ ಕೋಡಿಯಿಂದ ಹಿಡಿದು ಮರವಂತೆ, ಬೈಂದೂರಿನವರೆಗೆ, ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೀನಿನ ಜಿಡ್ಡಿನ ವಾಸನೆ ಹಿಡಿದು ಬಂದ ನಾಯಿ ಎಲೆ ಕೆದಕಿ ಸುಮ್ಮನಾಗುವುದಿಲ್ಲ, ಪಕ್ಕದ ಗೂಡನ್ನೂ ಕೆದಕುತ್ತದೆ. ಆದ್ದರಿಂದ ಮುಳ್ಳು, ಎಲೆ, ಒರೆಸಿದ ನಾರು ಎಲ್ಲ ಒಂದು ಮುಚ್ಚಳದ ಬಕೆಟ್ಟಿಗೆ. ತೋಟ ಸಿಕ್ಕಲ್ಲಿ ಗೊಬ್ಬರಗುಂಡಿಗೆ, ಯಜಮಾನರನ್ನು ಕೇಳಿ.

ಪಾತ್ರೆ ತೊಳೆಯುವುದನ್ನು ಯಾರೂ ರಸಾಸ್ವಾದದ ಪಟ್ಟಿಗೆ ಸೇರಿಸುವುದಿಲ್ಲ, ನಾನು ಸೇರಿಸುತ್ತೇನೆ. ಇದ್ದಲೊಲೆಯಲ್ಲಿ ಉಳಿದ ಕರಟ ಮತ್ತು ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಶ್ ಹೇರಳ. ಜಿಡ್ಡಾದ ಸ್ಟೀಲು ಪಾತ್ರೆಗೆ ಬೆಚ್ಚಗಿನ ನೀರಿನಲ್ಲಿ ಕಲಸಿದ ಬೂದಿ ಹಚ್ಚಿದರೆ ಬೂದಿಯ ಕ್ಷಾರ ಮತ್ತು ಪಾತ್ರೆಯ ಕೊಬ್ಬು ಸೇರಿ ಅಲ್ಲೇ ಒಂದಿಷ್ಟು ಸಾಬೂನು ಹುಟ್ಟುತ್ತದೆ. ಬೆರಳಡಿಯಲ್ಲಿ ಮೊದಲು ಜಾರುತ್ತದೆ, ಆಮೇಲೆ ಗೊರಗೊರ ಎನ್ನುತ್ತದೆ, ಆಮೇಲೆ ಪಾತ್ರೆ ಕಿರ್ರೆಂದು ಸದ್ದು ಮಾಡುತ್ತದೆ. ಆ ಕಿರ್ರ್ ಸದ್ದೇ ಪರೀಕ್ಷೆ. ಅಲ್ಯೂಮಿನಿಯಂಗೆ ಬೂದಿ ಬೇಡ, ಮೈ ಕಪ್ಪಾಗುತ್ತದೆ. ಕಾವಲಿಗಂತೂ ಬೇಡವೇ ಬೇಡ, ವರ್ಷಗಟ್ಟಲೆ ಕಟ್ಟಿದ ಹೊಳಪನ್ನು ತಿಂದುಬಿಡುತ್ತದೆ. ತಟ್ಟೆಗಳಿಗೆ ಬಿಸಿ ಗಂಜಿತಿಳಿ ಸಾಕು. ಅದನ್ನು ಆಮೇಲೆ ತೆಂಗಿನ ಬುಡಕ್ಕೆ ಹುಯ್ಯಬಹುದು. ಸೌಪರ್ಣಿಕೆಗೆ ಇಳಿದು ತಟ್ಟೆ ಅದ್ದುವವರನ್ನು ಕಂಡರೆ ನನಗೆ ಊಟ ಸೇರುವುದಿಲ್ಲ.

ಜಿಡ್ಡಿಗೆ ಜಿಡ್ಡೇ ಮದ್ದು ಎಂಬುದನ್ನು ಈ ಸೀಮೆಯಲ್ಲಿ ಚೆನ್ನಾಗಿ ಬಲ್ಲವರು ಯಕ್ಷಗಾನ ಮೇಳದವರು. ನಮ್ಮ ಗಾಡಿಗೆ ಅಜ್ಜನಂಥವು ಅವರ ಗಾಡಿಗಳು: ಮಂದಾರ್ತಿ, ಮಾರಣಕಟ್ಟೆ, ಕೋಟದ ಅಮೃತೇಶ್ವರಿ. ಮಳೆಗಾಲ ಕಳೆದು ಹೊರಟರೆ ಮುಂದಿನ ಮಳೆಯವರೆಗೂ ದಿನಕ್ಕೊಂದು ಊರು, ಬಯಲಲ್ಲೇ ರಂಗಸ್ಥಳ, ಎಷ್ಟೋ ಕಡೆ ಬಯಲಲ್ಲೇ ಊಟ. ಬೆಳಗಾಗಿ ಆಟ ಮುಗಿದ ಮೇಲೆ ಚೌಕಿಯಲ್ಲಿ ನಿಂತು ನೋಡಬೇಕು. ರಾತ್ರಿಯಿಡೀ ಕುಣಿದ ಮುಖದ ಬಣ್ಣಕ್ಕೆ ಅಂಗೈಯಲ್ಲಿ ತೆಂಗಿನೆಣ್ಣೆ ಹಾಕಿ ತಿಕ್ಕುತ್ತಾರೆ. ಕೆಂಪು, ಬಿಳಿ, ಕಪ್ಪು ಎಲ್ಲ ಕರಗಿ ಒಂದಾಗಿ, ಬಟ್ಟೆಯ ಒಂದೇ ಒರೆಸಿಗೆ ಎದ್ದು ಬರುತ್ತದೆ. ಅಂಟು ಹಿಡಿದ ಮಸಾಲೆ ಡಬ್ಬಿಗಳಿಗೆ ನಾನು ಮಾಡುವುದೂ ಅದೇ: ಎರಡು ಹನಿ ಎಣ್ಣೆ, ಒಂದು ಚಿಂದಿ.

ಇನ್ನು ರಾತ್ರಿಗೆ. ನಾವುಂದ, ಉಪ್ಪುಂದ ದಾಟಿ ಬೈಂದೂರು. ಒತ್ತಿನೆಣೆಯ ಗುಡ್ಡದಿಂದ ಕಡಲು ನೋಡಿ ಕೆಳಗಿಳಿದು, ಪರಿಚಯದವರ ತೆಂಗಿನ ತೋಟದಲ್ಲಿ ಗಾಡಿ ನಿಲ್ಲಿಸಿದ ಮೇಲೆ ಐಸ್ ಡಬ್ಬಿ ತೆರೆಯುವ ಶುಭಮುಹೂರ್ತ. ಒಳಗೆ ಮೊಸರು, ಅರಿಶಿನ, ಉಪ್ಪಿನಲ್ಲಿ ಬೆಳಗಿನಿಂದ ನೆನೆದ ಒಂದು ಕಿಲೋ ಕೋಳಿ. ಪಕ್ಕದಲ್ಲಿ ಮನೆಯಲ್ಲೇ ಹುರಿದು ಅರೆದು ತಂದ ಮಸಾಲೆ: ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕೇ ನಾಲ್ಕು ಮೆಂತೆ, ಕಾಳುಮೆಣಸು, ಬೆಳ್ಳುಳ್ಳಿ, ಹುಣಸೆ. ಆ ಡಬ್ಬಿಯ ಮೇಲ್ಮೈಯಲ್ಲಿ ಒಂದು ಪದರ ತುಪ್ಪ ಹೆಪ್ಪುಗಟ್ಟಿ ಮುಚ್ಚಳದ ಕೆಲಸ ಮಾಡಿರುತ್ತದೆ. ತುಪ್ಪದಲ್ಲಿ ಹುರಿದ ಈ ಕೋಳಿ, ಲೋಕ ಇಂದು ಘೀ ರೋಸ್ಟ್ ಎಂದು ಹೊಗಳಿಕೊಂಡು ತಿನ್ನುವುದು, ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಲ್ಲಿ ಹುಟ್ಟಿತು ಎಂಬುದು ಎಲ್ಲರೂ ಹೇಳುವ ಮಾತು. ಬೆಂಗಳೂರಿನಲ್ಲಿ, ದುಬೈಯಲ್ಲಿ ಅದನ್ನು ತಿಂದಿದ್ದೇನೆ. ಅಲ್ಲೆಲ್ಲ ತುಪ್ಪ ಇರುತ್ತದೆ, ಹೊತ್ತು ಇರುವುದಿಲ್ಲ.

ಬಯಲಿನಲ್ಲಿ ತುಪ್ಪದ ಅಡುಗೆಗೆ ಎರಡು ಕಟ್ಟಳೆ. ಬಾಣಲೆಯ ಗೋಡೆ ಎತ್ತರವಿರಬೇಕು, ಕೋಳಿಯ ನೀರು ಬಸಿದಿರಬೇಕು. ಹನಿ ನೀರು ಕಾದ ತುಪ್ಪದೊಳಗೆ ಮುಳುಗಿ ಹಬೆಯಾದರೆ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಮೈಮೇಲೆ ಸಿಡಿಯುವುದು ಅದೇ. ಅಪ್ಪಿತಪ್ಪಿ ತುಪ್ಪಕ್ಕೆ ಬೆಂಕಿ ಹಿಡಿದರೆ ನೀರು ಹುಯ್ಯುವುದಲ್ಲ, ಮುಚ್ಚಳ ಹಾಕಿ ಒಲೆ ಆರಿಸುವುದು. ಹೆಚ್ಚೇನೂ ಹೆದರಬೇಕಿಲ್ಲ. ತುಪ್ಪ ಬೆಣ್ಣೆಯ ಹಾಗೆ ಬೇಗ ಕಪ್ಪಾಗುವ ಅವಸರದ ಪದಾರ್ಥವಲ್ಲ. 250 ಡಿಗ್ರಿಯ ಹತ್ತಿರದವರೆಗೂ ಹೊಗೆಯಾಡದೆ ತಾಳುತ್ತದೆ.

ನೂರು ಗ್ರಾಂ ತುಪ್ಪ. ಕೋಳಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂದು, ಹೊನ್ನಿನ ಬಣ್ಣಕ್ಕೆ ತಿರುಗಿ ಹೊರಗೆ ಬರಲಿ. ಅದೇ ತುಪ್ಪಕ್ಕೆ ಮಸಾಲೆ. ಉರಿ ಸಣ್ಣದು, ತೀರ ಸಣ್ಣದು. ಮೊದಲು ಮಸಾಲೆ ತುಪ್ಪವನ್ನೆಲ್ಲ ಕುಡಿದುಬಿಡುತ್ತದೆ; ಬಾಣಲೆ ಒಣಗಿದಂತೆ ಕಾಣುತ್ತದೆ. ಹೊಸಬರು ಇಲ್ಲೇ ಇನ್ನಷ್ಟು ಸುರಿಯುತ್ತಾರೆ, ಮುಂದಿನ ಜಿಡ್ಡಿನ ಕಷ್ಟವೆಲ್ಲ ಆ ಎರಡು ಚಮಚದ್ದು. ಕಾಯಬೇಕು. ಮರದ ಸೌಟು ತಳ ಬಿಡದೆ ಆಡುತ್ತಿರಬೇಕು. ಹಸಿ ಬೆಳ್ಳುಳ್ಳಿಯ ಘಾಟು ಮೆತ್ತಗಾಗುತ್ತದೆ. ಕೊತ್ತಂಬರಿಯ ಕಂಪು ಮೇಲೇಳುತ್ತದೆ. ಇಟ್ಟಿಗೆ ಬಣ್ಣದ ಮಸಾಲೆ ಗಾಢವಾಗುತ್ತ, ಇನ್ನೂ ಗಾಢವಾಗುತ್ತ, ಮಾಗುತ್ತ ಹೋಗುತ್ತದೆ. ಆಮೇಲೆ ಒಂದು ಗಳಿಗೆಯಲ್ಲಿ, ಬಾಣಲೆಯ ಅಂಚಿನಲ್ಲಿ, ಒಂದು ಸಣ್ಣ ಹನಿ. ಇನ್ನೊಂದು. ಮಸಾಲೆ ತಾನು ಕುಡಿದ ತುಪ್ಪವನ್ನು ಹಿಂದಕ್ಕೆ ಕೊಡುತ್ತಿದೆ. ಆದರೆ ಹೋದ ತುಪ್ಪವಲ್ಲ ಅದು. ಬ್ಯಾಡಗಿಯ ಬಣ್ಣ ಕೊಬ್ಬಿನಲ್ಲಷ್ಟೇ ಕರಗುವಂಥದ್ದು. ಅದೆಲ್ಲವನ್ನೂ ಹೊತ್ತು ತುಪ್ಪ ಮಾಣಿಕ್ಯವಾಗಿ ಬರುತ್ತದೆ. ಒಂದು ಚೂರು ಬೆಲ್ಲ, ಒಂದು ಹಿಡಿ ಕರಿಬೇವು, ಹುರಿದಿಟ್ಟ ಕೋಳಿ. ಮುಚ್ಚಳ ಬೇಡ. ಮಸಾಲೆ ತುಂಡಿಗೆ ಅಂಟಿ, ತುಂಡು ಬಾಣಲೆಗೆ ಅಂಟದೆ, ಎಲ್ಲದರ ಮೇಲೂ ತೆಳ್ಳಗೆ ಹೊಳೆಯುವ ಹದಕ್ಕೆ ಇಳಿಸಬೇಕು.

ತಿನ್ನುವುದನ್ನು ವರ್ಣಿಸುವುದಿಲ್ಲ; ಆ ಹೊತ್ತಿನಲ್ಲಿ ನಾನು ಗಮನಿಸುವ ಸ್ಥಿತಿಯಲ್ಲಿರುವುದಿಲ್ಲ. ಹುಳಿ, ಖಾರ, ಕೊನೆಗೆ ನಾಲಿಗೆಯ ಬುಡದಲ್ಲಿ ಬೆಲ್ಲದ ಎಳೆ, ತುಟಿಯ ಮೇಲೆ ನಿಲ್ಲುವ ತುಪ್ಪ. ಕಡಲ ಕಡೆಯಿಂದ ಬರುವ ಉಪ್ಪುಗಾಳಿ ಯಾವ ಹೋಟೆಲಿನಲ್ಲೂ ಸಿಗದ ವ್ಯಂಜನ.

ಊಟ ಮುಗಿದರೂ ಬಾಣಲೆ ಮುಗಿದಿರುವುದಿಲ್ಲ. ತಳದಲ್ಲಿ ಕೆಂಪು ತುಪ್ಪ, ಹಿಡಿದುಕೊಂಡ ಮಸಾಲೆಯ ಗರಿಗರಿ ಪದರ. ಇದಕ್ಕೆ ಬೂದಿಯನ್ನೂ ಬಿಸಿನೀರನ್ನೂ ತರುವವನು ಅರಸಿಕ. ಬಾಣಲೆಯನ್ನು ಇನ್ನೊಮ್ಮೆ ಸಣ್ಣ ಉರಿಗಿಟ್ಟು, ಒಂದು ಸೌಟು ಕುಚ್ಚಲಕ್ಕಿ ಅನ್ನ ಹಾಕಿ, ಅನ್ನದಿಂದಲೇ ತಳವನ್ನೂ ಗೋಡೆಯನ್ನೂ ಒರೆಸುತ್ತ ಬರಬೇಕು. ದಪ್ಪ ಅಗುಳು ಜಿಡ್ಡನ್ನೆಲ್ಲ ಎತ್ತಿಕೊಂಡು ಕೆಂಪಗೆ ಹೊಳೆಯುತ್ತದೆ. ಬಾಣಲೆ ಒರೆಸಿದ ಈ ಅನ್ನ ಯಾರದು ಎಂಬುದರ ಮೇಲೆ ನಮ್ಮಲ್ಲಿ ಎಂದೂ ರಾಜಿಯಾಗಿಲ್ಲ. "ಭಾವಾ, ಬಾಣ್ಲಿ ಮುಟ್ಬೇಡಿ, ಇವತ್ತ್ ಅದ್ ನಂದ್" ಎಂದು, ನನ್ನನ್ನೂ ಭಾವನೆಂದೇ ಕರೆಯುವ ನಮ್ಮ ಭಾವ ಹೇಳುವಷ್ಟರಲ್ಲಿ ನನ್ನ ಕೈಯಲ್ಲಿ ತುತ್ತು ಇರುತ್ತದೆ.